ಸ್ಕ್ಯಾನರ್ ರೇಡಿಯೊ (ಅಂಕಲಿ ಪರಿಸರ)

ಹಲವು ಫ್ರೀಕ್ವೆನ್ಸಿಗಳನ್ನು ಒಂದರ ಹಿಂದೊಂದು ತಡಕುತ್ತಾ, ಮಾತು ಕೇಳಿಸಿದಲ್ಲಿ ನಿಲ್ಲುವ ರೇಡಿಯೊ. ಅಮೆರಿಕದಲ್ಲಿ ಪೊಲೀಸ್, ಅಗ್ನಿಶಾಮಕ ದಳಗಳ ಸಂಭಾಷಣೆ ಆಲಿಸುವುದು ಹಳೆಯ ಹವ್ಯಾಸ. ಭಾರತದಲ್ಲಿ ಅನುಮತಿಯಿಲ್ಲದೆ ಅವನ್ನು ಕದ್ದಾಲಿಸುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲಾಗಬಹುದು. ಈ ನಿರ್ಬಂಧ ಸರಿಯಾದುದೇ.

ಚಿಕ್ಕೋಡಿ ತಾಲ್ಲೂಕಿನ ಅಂಕಲಿ ಕೃಷ್ಣಾ ದಂಡೆಯ ಊರು. 2005 ಮತ್ತು 2019ರಂಥ ಮಹಾಪೂರಗಳು ಬಂದಾಗ ಈ ಸೀಮೆಯಲ್ಲಿ ಸೇತುವೆಗಳು ಮುಳುಗಿ ಸಂಪರ್ಕ ಕಡಿಯುತ್ತದೆ. ಮೊಬೈಲ್ ಕೈಕೊಟ್ಟಾಗ ನೆರವಾಗಬಲ್ಲವರು ಪರವಾನಗಿ ಪಡೆದ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಕೆದಾರರು. ಅವರಿಗೆ ಮೀಸಲಾದ 144–146 ಮೆಗಾಹರ್ಟ್ಸ್ ಪಟ್ಟಿಯಲ್ಲೇ ಸ್ಕ್ಯಾನಿಂಗ್ ಸಾರ್ಥಕ.

ಎಲ್ಲಕ್ಕಿಂತ ಮುಖ್ಯ ಆಂಟೆನಾ. ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಕಡ್ಡಿಯ ಬದಲು ಸುಮಾರು 50 ಸೆಂಟಿಮೀಟರ್ ಉದ್ದದ, ಕಾಲು ತರಂಗದ ಕಡ್ಡಿಯನ್ನು ಮಾಳಿಗೆಯ ಮೇಲೆ ನೇರ ನಿಲ್ಲಿಸಿದರೆ ಕ್ಷೀಣ ದನಿಯೂ ಸ್ಪಷ್ಟವಾಗುತ್ತದೆ. ಸ್ಕ್ವೆಲ್ಚ್ ಗುಂಡಿಯನ್ನು ‘ಸುಂಯ್’ ಸದ್ದು ನಿಲ್ಲುವಷ್ಟೇ ತಿರುಗಿಸಬೇಕು. ಅದಕ್ಕಿಂತ ಮುಂದೆ ಹೋದರೆ ದೂರದ ಕರೆ ಬಾಗಿಲಲ್ಲೇ ಉಳಿಯುತ್ತದೆ. ಮಾತು ನಿಂತ ಮೇಲೆ ಎರಡು ಸೆಕೆಂಡು ಕಾಯುವಂತೆ ಹೊಂದಿಸಿದರೆ ಉತ್ತರವೂ ಸಿಗುತ್ತದೆ. ಬರಿಯ ಗದ್ದಲವಿರುವ ಚಾನೆಲ್‌ಗಳನ್ನು ಕೈಬಿಡಬೇಕು, ಸಂಕೇತವನ್ನು ಮರುಪ್ರಸಾರ ಮಾಡುವ ರಿಪೀಟರ್‌ನ ಚಾನೆಲ್ಲಿಗೆ ಆದ್ಯತೆ ಕೊಡಬೇಕು. ಚಾನೆಲ್‌ಗಳ ಪಟ್ಟಿ ಚಿಕ್ಕದಾದಷ್ಟೂ ತಪ್ಪುವ ಕರೆ ಕಡಿಮೆ.

ಗೂಢಲಿಪಿಯ ಡಿಜಿಟಲ್ ಸಂದೇಶ ಯಾವ ಹೊಂದಾಣಿಕೆಗೂ ಬಗ್ಗದು. ಹ್ಯಾಮ್ ಪರವಾನಗಿಗೆ 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ತುರ್ತು ನೆರವಿಗೆ ಕರೆಯಬೇಕಾದ ಸಂಖ್ಯೆ 112.