ಕಲ್ಲಿಕೋಟೆ: ಅಮಾನತ್ತಿನಿಂದ ಬೆಳೆದ ಬಂದರು

ಉತ್ತಮ ಬಂದರಿಗೆ ಸುರಕ್ಷಿತ ಕೊಲ್ಲಿ ಮತ್ತು ಗಟ್ಟಿಯಾದ ಧಕ್ಕೆ ಬೇಕೆಂದು ನಾವು ಭಾವಿಸುತ್ತೇವೆ. ಆದರೆ ಮಧ್ಯಯುಗದ ಪ್ರಸಿದ್ಧ ಬಂದರಾದ ಕಲ್ಲಿಕೋಟೆಗೆ ಅಂತಹ ಕೊಲ್ಲಿಯೇ ಇರಲಿಲ್ಲ. ಹಡಗುಗಳು ತೆರೆದ ಕಡಲಲ್ಲಿ ಲಂಗರು ಹಾಕುತ್ತಿದ್ದವು. ಸರಕು ಚಿಕ್ಕ ದೋಣಿಗಳಲ್ಲಿ ದಡ ಸೇರುತ್ತಿತ್ತು. ಆದರೂ ಕರಿಮೆಣಸು, ಶುಂಠಿಗಳನ್ನರಸಿ ಯಮನ್, ಪರ್ಷಿಯಾ, ಚೀನಾಗಳ ವರ್ತಕರು ಅಲ್ಲಿಗೆ ಬಂದರು. ಅವರನ್ನು ಸೆಳೆದುದು ಮೆಣಸೊಂದೇ ಅಲ್ಲ. ಮೆಣಸು ಮಲಬಾರಿನ ಇತರ ಬಂದರುಗಳಲ್ಲೂ ದೊರೆಯುತ್ತಿತ್ತು.

14ನೇ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಇಬ್ನ್ ಬತೂತ ಇದರ ಕಾರಣವನ್ನು ಕಣ್ಣಾರೆ ಕಂಡರು. ಜುಮಾ ನಮಾಝಿಗೆಂದು ಅವರು ದಡದಲ್ಲಿ ಉಳಿದಿದ್ದಾಗ, ಸುಲ್ತಾನನ ಉಡುಗೊರೆಗಳಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ಮಲಬಾರಿನ ಇತರೆಡೆ ಒಡೆದ ಹಡಗಿನ ಸರಕು ಅರಸನ ಬೊಕ್ಕಸಕ್ಕೆ ಸೇರುತ್ತಿತ್ತು. ಕಲ್ಲಿಕೋಟೆಯಲ್ಲಾದರೋ ಅದು ಮಾಲಿಕರಿಗೇ ಸಲ್ಲುತ್ತಿತ್ತು. ಸಾಮೂದಿರಿಯ ಕಾವಲುಗಾರರು ದೋಚಲು ಬಂದವರನ್ನು ಹೊಡೆದಟ್ಟುತ್ತಿದ್ದರು. ನಗರದ ಏಳಿಗೆಗೆ ಇದೇ ಕಾರಣವೆಂದು ಅವರು ದಾಖಲಿಸಿದ್ದಾರೆ.

ಶತಮಾನದ ಬಳಿಕ, 1442ರಲ್ಲಿ, ಹೆರಾತಿನ ಶಾರೂಖನ ರಾಯಭಾರಿ ಅಬ್ದುರ್ರಝಾಕ್ ಸಮರ್ಖಂದಿ ಅಲ್ಲಿಗೆ ಬಂದರು. ಮುಂದೆ ಮಂಗಳೂರಿನ ಮೂಲಕ ವಿಜಯನಗರದ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ತೆರಳಿದವರೂ ಇವರೇ. ಕಲ್ಲಿಕೋಟೆಯ ವಾಸ ಅವರಿಗೆ ಹಿಡಿಸಲಿಲ್ಲ. ಆದರೂ ಅಲ್ಲಿನ ನ್ಯಾಯವನ್ನು ಅವರು ಮರೆಮಾಚಲಿಲ್ಲ. ವರ್ತಕರು ಸರಕನ್ನು ಪೇಟೆಯಲ್ಲಿಳಿಸಿ ನಿಶ್ಚಿಂತರಾಗಿರುತ್ತಿದ್ದರು. ಸುಂಕದ ಅಧಿಕಾರಿಗಳೇ ಅದನ್ನು ಕಾಯುತ್ತಿದ್ದರು. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ. ಮಾರಾಟವಾಗದಿದ್ದರೆ ಏನೂ ಇಲ್ಲ.

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದೂ ಜನರ ನಡುವೆ ನ್ಯಾಯದಿಂದ ತೀರ್ಪು ನೀಡಬೇಕೆಂದೂ ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ. ಸಾಮೂದಿರಿ ಮುಸ್ಲಿಮನಾಗಿರಲಿಲ್ಲ. ಆದರೆ ಅವನ ಆಡಳಿತದಲ್ಲಿ ಈ ಮೌಲ್ಯಗಳನ್ನು ಕಂಡ ಮುಸ್ಲಿಮ್ ಪ್ರವಾಸಿಗರು ಅದಕ್ಕೆ ಸಾಕ್ಷ್ಯ ನುಡಿದರು. ಬಹರೈನ್ ಮೂಲದ ಇಬ್ರಾಹೀಮ್ ಎಂಬವರು ಅಲ್ಲಿ ಶಾಬಂದರ್ ಆಗಿದ್ದರು. ಹಡಗಿನೊಡೆಯ ಮಿಸ್ಕಾಲರ ಹೆಸರಿನ ಮಸೀದಿ ಇಂದಿಗೂ ಅಲ್ಲಿದೆ.

1498ರಲ್ಲಿ ಬಂದ ಪೋರ್ಚುಗೀಸರು ನಂಬಿಕೆಯ ಜಾಗದಲ್ಲಿ ಫಿರಂಗಿಯನ್ನಿಟ್ಟರು. ತಮ್ಮ ರಹದಾರಿ ಇಲ್ಲದ ಹಡಗುಗಳನ್ನು ವಶಪಡಿಸಿಕೊಂಡರು. 1510ರ ದಾಳಿಯಲ್ಲಿ ಮಿಸ್ಕಾಲ್ ಮಸೀದಿಗೆ ಬೆಂಕಿಯಿಟ್ಟರು.

ಇಂದು ನಮ್ಮಲ್ಲನೇಕರು ವ್ಯಾಪಾರವನ್ನೇ ಬದುಕಾಗಿಸಿಕೊಂಡಿದ್ದೇವೆ. ಪರರ ಸೊತ್ತು ಸಂಕಟದ ಗಳಿಗೆಯಲ್ಲಿ ನಮ್ಮ ಕೈಸೇರಿದಾಗ ನಾವದನ್ನು ಅಮಾನತ್ತೆಂದು ಕಾಣುತ್ತೇವೆಯೇ, ದಡಕ್ಕೆ ಬಂದ ಲಾಭವೆಂದೇ? ನಮ್ಮ ಅಂಗಡಿಗಳ ಬರಕತ್ತು ಈ ಪ್ರಶ್ನೆಯ ಉತ್ತರದಲ್ಲಿದೆ.