ಬೂಟ್‌ಲೋಡರ್ ವೈಫಲ್ಯ

ಬೂಟ್‌ಲೋಡರ್ ವೈಫಲ್ಯ ಎಂದರೆ ಕಾರ್ಯಾಚರಣಾ ವ್ಯವಸ್ಥೆಯನ್ನು ಸ್ಥಾಪಿಸಿದ ಅಥವಾ ನವೀಕರಿಸಿದ ಬಳಿಕ ಗಣಕಯಂತ್ರವು ಪೂರ್ಣವಾಗಿ ಆರಂಭವಾಗದೆ ನಡುವೆಯೇ ನಿಂತುಬಿಡುವ ಸ್ಥಿತಿ. ಬೂಟ್‌ಲೋಡರ್ ಸರಿಯಿದ್ದರೂ ರೂಟ್ ಕಡತ ವ್ಯವಸ್ಥೆ ದೊರೆಯದಿದ್ದಲ್ಲಿ ಇಂಥದೇ ತೊಂದರೆ ಉಂಟಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಬಳಕೆದಾರರ ಕಡತಗಳು ಸಾಮಾನ್ಯವಾಗಿ ಡಿಸ್ಕಿನಲ್ಲಿ ಉಳಿದಿರುತ್ತವೆ. ಆದುದರಿಂದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ಆರಂಭದ ಹಂತಗಳು

ವಿದ್ಯುತ್ ದೊರೆತೊಡನೆ ಬಯಾಸ್ ಅಥವಾ ಯುಇಎಫ್‌ಐ ತಂತ್ರಾಂಶವು ಬೂಟ್‌ಲೋಡರನ್ನು ಹುಡುಕುತ್ತದೆ. ಹಳೆಯ ಬಯಾಸ್ ಪದ್ಧತಿಯಲ್ಲಿ ಇದರ ಮೊದಲ ಭಾಗವು ಡಿಸ್ಕಿನ 512 ಬೈಟ್‌ಗಳ ಪ್ರಥಮ ಸೆಕ್ಟರಿನಲ್ಲಿರುತ್ತದೆ. ಯುಇಎಫ್‌ಐ ಪದ್ಧತಿಯಲ್ಲಿ ಪ್ರತ್ಯೇಕ ವಿಭಾಗವೊಂದರಲ್ಲಿ ಕಡತವಾಗಿರುತ್ತದೆ. ಲಿನಕ್ಸ್‌ನಲ್ಲಿ ಬಹುವಾಗಿ ಬಳಕೆಯಲ್ಲಿರುವ ಬೂಟ್‌ಲೋಡರ್ ಗ್ರಬ್. ಇದು ಕರ್ನೆಲ್ ಹಾಗೂ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಕಡತ ವ್ಯವಸ್ಥೆಯನ್ನು ಸ್ಮೃತಿಗೆ ತುಂಬುತ್ತದೆ. ಅನಂತರ ರೂಟ್ ಕಡತ ವ್ಯವಸ್ಥೆಯನ್ನು ಜೋಡಿಸಿಕೊಳ್ಳಲಾಗುತ್ತದೆ.

ಲಕ್ಷಣಗಳು ಮತ್ತು ಕಾರಣಗಳು

ಪರದೆ ಎಲ್ಲಿ ನಿಂತಿತು ಎಂಬುದರಿಂದಲೇ ದೋಷದ ನೆಲೆಯನ್ನು ಊಹಿಸಬಹುದು.

* 'ಗ್ರಬ್ ರೆಸ್ಕ್ಯೂ' ಎಂಬ ಸೂಚನೆ: ಗ್ರಬ್‌ನ ಮೊದಲ ಭಾಗವಿದೆ, ಉಳಿದ ಭಾಗಗಳು ದೊರೆತಿಲ್ಲ. ವಿಭಾಗವನ್ನು ಅಳಿಸಿದಾಗ ಅಥವಾ ಅದರ ಕ್ರಮಸಂಖ್ಯೆ ಬದಲಾದಾಗ ಹೀಗಾಗುತ್ತದೆ.
* ನೇರವಾಗಿ ವಿಂಡೋಸ್ ತೆರೆಯುವುದು: ಬಯಾಸ್ ಪದ್ಧತಿಯಲ್ಲಿ ಲಿನಕ್ಸ್ ನಂತರ ವಿಂಡೋಸ್ ಸ್ಥಾಪಿಸಿದರೆ ಪ್ರಥಮ ಸೆಕ್ಟರ್ ತಿದ್ದಲ್ಪಡುತ್ತದೆ.
* 'ಇನಿಟ್‌ರ್ಯಾಮ್‌ಎಫ್‌ಎಸ್' ಎಂಬ ಸೂಚನೆ: ರೂಟ್ ವಿಭಾಗದ ಯುಯುಐಡಿ ಗುರುತು ಹೊಂದಿಕೆಯಾಗಿಲ್ಲ, ಅಥವಾ ಕಡತ ವ್ಯವಸ್ಥೆಗೆ ಹಾನಿಯಾಗಿದೆ.
* 'ಕರ್ನೆಲ್ ಪ್ಯಾನಿಕ್': ರೂಟ್ ವಿಭಾಗವನ್ನು ಜೋಡಿಸಲಾಗದೆ ಕರ್ನೆಲ್ ನಿಂತಿದೆ. ನವೀಕರಣದ ನಡುವೆ ವಿದ್ಯುತ್ ಹೋಗಿ ಅಥವಾ ಬೂಟ್ ವಿಭಾಗ ತುಂಬಿ ಇನಿಟ್‌ರ್ಯಾಮ್‌ಎಫ್‌ಎಸ್ ಅಪೂರ್ಣವಾಗಿ ಉಳಿದಿರಬಹುದು.

ಪರಿಹಾರ ಕ್ರಮ

1. ಗ್ರಬ್ ಪಟ್ಟಿ ಕಾಣಿಸುತ್ತಿದ್ದರೆ ಮೊದಲು ಹಳೆಯ ಕರ್ನೆಲನ್ನು ಆಯ್ದು ನೋಡಬೇಕು.
2. ಇಲ್ಲವಾದರೆ ಲೈವ್ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಬೇಕು. ಮೂಲ ಸ್ಥಾಪನೆ ಯುಇಎಫ್‌ಐ ಪದ್ಧತಿಯದಾಗಿದ್ದರೆ ಪೆನ್‌ಡ್ರೈವನ್ನೂ ಅದೇ ಪದ್ಧತಿಯಲ್ಲಿ ತೆರೆಯತಕ್ಕದ್ದು.
3. ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬೇಕು.
4. ಕಡತ ವ್ಯವಸ್ಥೆಯನ್ನು 'ಎಫ್‌ಎಸ್‌ಸಿಕೆ' ಆದೇಶದಿಂದ ಪರೀಕ್ಷಿಸಬೇಕು. ಜೋಡಣೆಗೊಂಡ ವಿಭಾಗದ ಮೇಲೆ ಇದನ್ನು ನಡೆಸಿದರೆ ಹಾನಿ ಹೆಚ್ಚಬಹುದು. ಆದ್ದರಿಂದ ಮೊದಲು ವಿಭಾಗವನ್ನು ಬಿಡಿಸಬೇಕು.
5. ರೂಟ್ ವಿಭಾಗವನ್ನು ಜೋಡಿಸಿ, 'ಸಿಎಚ್‌ರೂಟ್' ಮೂಲಕ ಒಳಹೊಕ್ಕು, ಎಫ್‌ಎಸ್‌ಟ್ಯಾಬ್ ಕಡತದ ಯುಯುಐಡಿಗಳನ್ನು ತಾಳೆನೋಡಿ, ಇನಿಟ್‌ರ್ಯಾಮ್‌ಎಫ್‌ಎಸ್ ಹಾಗೂ ಗ್ರಬ್ ಎರಡನ್ನೂ ಮರುನಿರ್ಮಿಸಬೇಕು.

ಡಿಸ್ಕ್ ಯಾಂತ್ರಿಕವಾಗಿ ಕೆಟ್ಟಿದ್ದರೆ ಈ ಕ್ರಮಗಳು ಫಲಿಸುವುದಿಲ್ಲ.

ಕನ್ನಡ ಶಾಲೆಗಳಲ್ಲಿ

ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಇದರ ವ್ಯಾಪ್ತಿಯಲ್ಲಿವೆ. ಇಲ್ಲಿ ಬಳಸುವ ಸ್ವತಂತ್ರ ತಂತ್ರಾಂಶವು ಉಬುಂಟು ಆಧಾರಿತವಾದುದರಿಂದ ಮೇಲಿನ ಪರಿಹಾರ ಕ್ರಮ ಅದಕ್ಕೂ ಅನ್ವಯಿಸುತ್ತದೆ.