ಆಡುನುಡಿಯನ್ನು ಅರಸಿ ಬಂದ ವಿದ್ಯಾರ್ಥಿಗಳು

ಗುಂಡ್ಲುಪೇಟೆಯ ಕಡೆಯ ಹಳ್ಳಿಯ ಮಗು ಮನೆಯಲ್ಲಿ 'ಆಲು' ಕುಡಿದು, 'ಇಸ್ಕೂಲ್ಗ ಓಯ್ತೀನಿ ಕಣವ್ವಾ' ಎಂದು ತಾಯಿಗೆ ಹೇಳಿ ಹೊರಡುತ್ತದೆ. ಪಾಠಶಾಲೆಯ ಹೊಸ್ತಿಲನ್ನು ದಾಟಿದೊಡನೆಯೇ ಅದು 'ಹಾಲು' ಎಂದೂ 'ಹೋಗುತ್ತೇನೆ' ಎಂದೂ ನುಡಿಯಬೇಕು. ಹಾಗೆ ನುಡಿಯಲು ಕಲಿಯುವುದು ಅವಶ್ಯವೇ ಸರಿ. ಬೀದರಿನಿಂದ ಚಾಮರಾಜನಗರದವರೆಗೆ ಕನ್ನಡಿಗರೆಲ್ಲರನ್ನೂ ಒಂದುಗೂಡಿಸತಕ್ಕದ್ದು ಗ್ರಂಥಸ್ಥ ಭಾಷೆಯೇ ಅಲ್ಲವೆ? ಆದರೆ ಅದನ್ನು ಕಲಿಸುವ ಭರದಲ್ಲಿ, ಮನೆಯ ಮಾತು ಒರಟು, ಅಪಭ್ರಂಶ, ನಾಲಗೆ ತಿರುಗದವರ ಮಾತು ಎಂಬ ತೀರ್ಪನ್ನೂ ನಾವು ಮಗುವಿನ ಕಿವಿಯಲ್ಲಿ ಊದಿಬಿಡುತ್ತೇವೆ. ಈ ತೀರ್ಪು ನ್ಯಾಯವಾದುದೆ? ನಮ್ಮ ಸೀಮೆಯ ಆಡುನುಡಿಗೆ ನಿಯಮವೆಂಬುದು ಉಂಟೋ ಇಲ್ಲವೋ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಅನೇಕರು ಪಟ್ಟಕ್ಕೆ ಪ್ರಬಂಧವನ್ನು ಬರೆಯಹೊರಟ ವಿದ್ಯಾರ್ಥಿಗಳು ಎಂಬುದು ವಿಶೇಷ ಸಂಗತಿ. ಅವರ ಕೆಲಸದ ಚರಿತ್ರೆಯನ್ನು ವಾಚಕರ ಮುಂದೆ ಸಂಗ್ರಹವಾಗಿ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಹಿಂದಿನ ವೈಯಾಕರಣರ ದೃಷ್ಟಿ ಕಾವ್ಯದ ಭಾಷೆಯ ಮೇಲೆ ಇದ್ದಿತು. 13ನೆಯ ಶತಮಾನದ ಕೇಶಿರಾಜನಾಗಲಿ 1604ರಲ್ಲಿ ಶಬ್ದಾನುಶಾಸನವನ್ನು ಮುಗಿಸಿದ ಭಟ್ಟಾಕಳಂಕನಾಗಲಿ ಕವಿಗಳಿಗೆ ದಾರಿ ತೋರಿಸಲು ಹೊರಟವರೇ ವಿನಾ ಒಕ್ಕಲಿಗನ ಹೊಲದ ಮಾತನ್ನು ಬರೆದಿಡಲು ಹೊರಟವರಲ್ಲ. ಆಂಗ್ಲರ ಕಾಲದಲ್ಲಿ ಶೋಧನೆಯ ಉತ್ಸಾಹ ಹೆಚ್ಚಿತು. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆಗಳ ಶಾಸನಗಳು ಅಚ್ಚಾದುವು. ಅದೇ ಕಾಲದಲ್ಲಿ ಗ್ರಿಯರ್‌ಸನ್ ಅವರು ಭಾರತದ ಭಾಷೆಗಳ ಸಮೀಕ್ಷೆಯನ್ನು ಕೈಕೊಂಡರು. ದ್ರಾವಿಡ ಭಾಷೆಗಳ ಸಂಪುಟ 1906ರಲ್ಲಿ ಹೊರಬಿದ್ದಿತು. ಆದರೆ ಮೈಸೂರು ಸಂಸ್ಥಾನವೂ ಮದರಾಸು ಪ್ರಾಂತವೂ ಆ ಸಮೀಕ್ಷೆಯ ವ್ಯಾಪ್ತಿಗೆ ಸೇರಿರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರಿಗೆ ಸೇರಿದ್ದುವು. ಕೊಳ್ಳೇಗಾಲವು 1956ರವರೆಗೆ ಮದರಾಸಿಗೆ ಸೇರಿದ್ದಿತು. ಹೀಗಾಗಿ ಇಂದು ನಮ್ಮ ಜಿಲ್ಲೆಯೆನಿಸಿರುವ ನೆಲವಿಡೀ ಆ ಲೆಕ್ಕದಿಂದ ಹೊರಗುಳಿಯಿತು. ನಮ್ಮ ಕಲ್ಲುಗಳ ಮಾತು ಅಚ್ಚಾಯಿತು. ಬಾಯಿಗಳ ಮಾತು ಅಚ್ಚಾಗಲಿಲ್ಲ.

ಆದರೆ ಕಲ್ಲಿನ ಮಾತನ್ನು ಓದಿದ ವಿದ್ಯಾರ್ಥಿಗಳೇ ಬಾಯಿಯ ಮಾತಿಗೂ ಮೊದಲನೆಯ ಸಾಕ್ಷ್ಯವನ್ನು ಒದಗಿಸಿದರು. ಎ. ಎನ್. ನರಸಿಂಹಯ್ಯನವರು ಲಂಡನ್ ವಿಶ್ವವಿದ್ಯಾನಿಲಯದ ಪಟ್ಟಕ್ಕಾಗಿ ಅತ್ಯಂತ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನು ರಚಿಸಿದರು; ಅದನ್ನು ಮೈಸೂರು ವಿಶ್ವವಿದ್ಯಾನಿಲಯವು 1941ರಲ್ಲಿ ಪ್ರಕಟಿಸಿತು. ಜಿ. ಎಸ್. ಗಾಯಿಯವರು 8, 9, 10ನೆಯ ಶತಮಾನಗಳ ಶಾಸನಗಳನ್ನು ಆಧರಿಸಿ ಬರೆದ ಪ್ರೌಢಪ್ರಬಂಧವು 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದಿತು. ಶಾಸನಗಳ ಇಂಥ ವ್ಯಾಸಂಗದಿಂದ ಕನ್ನಡದ ಧ್ವನಿಗಳು ಯಾವ ಕಾಲದಲ್ಲಿ ಹೇಗೆ ಮಾರ್ಪಟ್ಟುವೆಂಬುದು ತಿಳಿಯಬಂದಿತು. ಪದದ ಮೊದಲಿನ ಪಕಾರವು ಸುಮಾರು 10ನೆಯ ಶತಮಾನದಿಂದ ಹಕಾರವಾಗುತ್ತ ಬಂದು, 14ನೆಯ ಶತಮಾನದ ಹೊತ್ತಿಗೆ ಬರೆವಣಿಗೆಯಲ್ಲಿ ಬಹುಮಟ್ಟಿಗೆ ನೆಲೆಗೊಂಡಿತು. 'ಪಾಲ್' 'ಹಾಲು' ಆಯಿತು. 'ಪೋಗು' 'ಹೋಗು' ಆಯಿತು. 'ಪುಲಿ' 'ಹುಲಿ' ಆಯಿತು. ಅಂತೆಯೇ ತಕಾರ ದಕಾರಗಳ ಹಿಂದಿನ ರೇಫೆಯು ಅವುಗಳಲ್ಲಿಯೇ ಲೀನವಾಗಿ, ಹಳಗನ್ನಡದ 'ಇರ್ದಂ' ಎಂಬುದು 'ಇದ್ದನು' ಆಯಿತು.

ಈಗ ನಮ್ಮ ಹಳ್ಳಿಯ ಮಗುವಿನ ಮಾತಿಗೆ ಬರೋಣ. 'ಹಾಲು' ಎಂಬುದು 'ಆಲು' ಆದದ್ದು ಅದೇ ನಡೆಯ ಮುಂದಿನ ಹೆಜ್ಜೆ. 'ಬರ್ತೀನಿ' ಎಂಬುದು 'ಬತ್ತೀನಿ' ಆದದ್ದೂ, 'ತರ್ತೀನಿ' ಎಂಬುದು 'ತತ್ತೀನಿ' ಆದದ್ದೂ 'ಇರ್ದಂ' ಎಂಬುದು 'ಇದ್ದನು' ಆದ ದಾರಿಯಲ್ಲಿಯೇ. ಗುಂಡ್ಲುಪೇಟೆಯ ಸಂತೆಯಲ್ಲಿ ನಿಂತವನ ಕಿವಿಗೆ ಗೂಡಲೂರಿನ ತಮಿಳನದೂ ಸುಲ್ತಾನ್ ಬತ್ತೇರಿಯ ಮಲೆಯಾಳಿಯದೂ 'ಪಾಲ್', ಪೇಟೆಯ ಓದಿದವರ 'ಹಾಲು', ಹಳ್ಳಿಯವರ 'ಆಲು' ಈ ಮೂರೂ ಒಂದೇ ಗಳಿಗೆಯಲ್ಲಿ ಬಿದ್ದಾವು. ಸಾವಿರ ವರ್ಷದ ಚರಿತ್ರೆಯೇ ಅಲ್ಲಿ ಸಾಲಾಗಿ ನಿಂತಿದೆ. 'ಆಲು' ಎಂಬುದು ಕೆಟ್ಟ ರೂಪವಾದರೆ, 'ಪಾಲ್' ಎಂಬುದನ್ನು ಕೆಡಿಸಿಕೊಂಡ 'ಹಾಲು' ಮಾತ್ರ ಶುದ್ಧವೆಂದು ಹೇಗೆ ಹೇಳೋಣ?

ಬಾಯಿಯ ಮಾತನ್ನೇ ಕುಳಿತು ಕೇಳುವ ಕಾರ್ಯವು ಸ್ವಾತಂತ್ರ್ಯಾನಂತರ ಪುಣೆಯ ಡೆಕ್ಕನ್ ಕಾಲೇಜಿನ ಆಶ್ರಯದಲ್ಲಿ ಬಲಗೊಂಡಿತು. ಅಮೆರಿಕದ ವಿಲಿಯಂ ಬ್ರೈಟ್ ಎಂಬ ತರುಣ ವಿದ್ವಾಂಸರು ಆಡುಗನ್ನಡದ ವ್ಯಾಕರಣವೊಂದನ್ನು ಬರೆದರು; ಅದು 1958ರಲ್ಲಿ ಪ್ರಕಟವಾಯಿತು. ಮುಂದೆ 1960ರಲ್ಲಿ ಅವರು ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಮನೆಮಾತುಗಳನ್ನು ಹೋಲಿಸಿ ಒಂದು ನಿರ್ಣಯಕ್ಕೆ ಬಂದರು. ಓದುಬರಹವುಳ್ಳವರ ಮಾತು ಹೊರಗಿನ ಶಬ್ದಗಳನ್ನೂ ಹೊರಗಿನ ಧ್ವನಿಗಳನ್ನೂ ತೆಗೆದುಕೊಂಡು ಬದಲಾಯಿತು. ಉಳಿದವರ ಮಾತು ಒಳಗಿನ ಧ್ವನಿಗಳಲ್ಲಿ ತನಗೆ ತಾನೇ ಬದಲಾಯಿತು. ಎಂದರೆ, ಒಬ್ಬರ ಮಾತು ನಿಂತು ಮತ್ತೊಬ್ಬರ ಮಾತು ಕೆಟ್ಟಿತೆಂಬುದಿಲ್ಲ. ಎರಡೂ ನಡೆದುವು, ಬೇರೆ ಬೇರೆ ದಾರಿಗಳಲ್ಲಿ ನಡೆದುವು.

ಇದರ ಬೆನ್ನಲ್ಲೇ ಕೆಲಸವು ನಮ್ಮ ಬಾಗಿಲಿಗೇ ಬಂದಿತು. ಯು. ಪದ್ಮನಾಭ ಉಪಾಧ್ಯಾಯರು ಗುಂಡ್ಲುಪೇಟೆಗೆ ನೆರೆಯ ತಾಲ್ಲೂಕಾದ ನಂಜನಗೂಡಿನ ಒಕ್ಕಲಿಗರ ಮಾತನ್ನು ವಿವರಿಸಿ ಬರೆದ ಪುಸ್ತಕವು 1968ರಲ್ಲಿ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಮುಂದೆ ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟುವಿನ ಪ್ರಧಾನ ಸಂಪಾದಕರಾದವರು ಇವರೇ. ಹಾ. ಮಾ. ನಾಯಕರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದು, ಕನ್ನಡದ ಗ್ರಂಥಸ್ಥ ಮತ್ತು ವ್ಯಾವಹಾರಿಕ ಶೈಲಿಗಳೆರಡನ್ನೂ ತೂಗಿ ನೋಡಿದರು. ಆ ಗ್ರಂಥವು 1967ರಲ್ಲಿ ಅಚ್ಚಾಯಿತು. ನಮ್ಮ ಕಡೆಯವರು 'ಮನೆಗೆ' ಎಂಬುದನ್ನು 'ಮನಗ' ಎಂದೂ 'ಯಾಕೆ' ಎಂಬುದನ್ನು 'ಯಾಕ' ಎಂದೂ ನುಡಿಯುವುದನ್ನು ಕೇಳಿ ಹೊರಗಿನವರು ನಗುವುದುಂಟು. ಆದರೆ ಪದಾಂತ್ಯದ ಎಕಾರವು ಅಕಾರವಾಗುವುದು ಒಬ್ಬಿಬ್ಬರ ಚಾಪಲ್ಯವಲ್ಲ. ಊರಿಗೆ ಊರೇ ಒಂದೇ ರೀತಿಯಲ್ಲಿ ನುಡಿಯುವಾಗ ಅದನ್ನು ನಿಯಮವೆನ್ನದೆ ಏನೆನ್ನಬೇಕು?

ಗ್ರಂಥಕ್ಕೊಂದು ಭಾಷೆ, ಮನೆಗೊಂದು ಭಾಷೆ ಎಂಬ ಈ ಸ್ಥಿತಿ ನಮ್ಮದೊಂದೇ ನಾಡಿನದಲ್ಲ. ಯೂರೋಪಿನ ನಡುವಣ ಚೆಕ್ ಜನರ ಚರಿತ್ರೆಯು ಇಲ್ಲಿ ನಮಗೆ ಬಹಳ ಬೋಧಪ್ರದವಾಗಿದೆ. ಜರ್ಮನ್ ಭಾಷೆಯ ಪ್ರಾಬಲ್ಯದಿಂದ ಕುಂದಿಹೋಗಿದ್ದ ಚೆಕ್ ಭಾಷೆಯನ್ನು ಎತ್ತಿ ನಿಲ್ಲಿಸಲು ಯೋಸೆಫ್ ದೊಬ್ರೊವ್‌ಸ್ಕಿ ಎಂಬ ಪಂಡಿತರು 1809ರಲ್ಲಿ ವ್ಯಾಕರಣವನ್ನು ಬರೆದರು. ಅವರು ಮಾದರಿಯಾಗಿ ಹಿಡಿದದ್ದು ಇನ್ನೂರು ವರ್ಷಗಳಿಗೂ ಹಿಂದಿನ ಗ್ರಂಥಭಾಷೆಯನ್ನು. ಅಷ್ಟರಲ್ಲಿ ಜನರ ನಾಲಗೆ ಎಷ್ಟೋ ಮುಂದೆ ಸರಿದಿದ್ದಿತು. ಕಿಟಕಿಗೆ ಗ್ರಂಥದಲ್ಲಿ 'ಒಕ್ನೊ' ಎಂದಿದ್ದರೆ, ಬೊಹೀಮಿಯದ ಜನ ಆಡುವುದು 'ವೊಕ್ನೊ' ಎಂದು. 'ಒಂದು' ಎಂದು ಬರೆದು 'ವಂದು' ಎಂದು ಆಡುವ ನಮಗೆ ಇದು ಹೊಸದಲ್ಲ. 1926ರಲ್ಲಿ ವಿಲೆಮ್ ಮಾತೇಸಿಯುಸ್ ಮೊದಲಾದವರು ಪ್ರಾಗ್ ನಗರದಲ್ಲಿ ಭಾಷಾಶಾಸ್ತ್ರದ ಮಂಡಲಿಯೊಂದನ್ನು ಸ್ಥಾಪಿಸಿದರು. ಭಾಷೆಯು ಯಾವ ಕಾರ್ಯಕ್ಕಾಗಿ ಬಳಕೆಯಾಗುತ್ತದೆಯೋ ಅದನ್ನು ನೋಡಿ ಅದರ ಗುಣವನ್ನು ಅಳೆಯಬೇಕೆಂಬುದು ಅವರ ಮತ. ಹಳೆಯ ರೂಪಗಳೇ ಶುದ್ಧವೆಂದು ಲೇಖಕರನ್ನು ತಿದ್ದಹೊರಟ ಪಂಡಿತರಿಗೆ ಈ ಮಂಡಲಿಯವರು 1932ರಲ್ಲಿ ಉಪನ್ಯಾಸಗಳ ಮೂಲಕ ಪ್ರತ್ಯುತ್ತರ ಕೊಟ್ಟರು. ಬಳಕೆಯ ಭಾಷೆಯನ್ನು ಮೊದಲು ಅರಿಯಬೇಕು, ಆಮೇಲೆ ತೀರ್ಪು ಕೊಡಬೇಕೆಂಬ ವಿವೇಕವು ಅಲ್ಲಿಂದ ಲೋಕಕ್ಕೆ ಹರಡಿತು.

ಅದೇ ಪ್ರಾಗ್ ನಗರದಲ್ಲಿ 1927ರಲ್ಲಿ ಹುಟ್ಟಿ, ಅಲ್ಲಿಯ ಚಾರ್ಲ್ಸ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಕಾಮಿಲ್ ಜ್ವೆಲೆಬಿಲ್ ಎಂಬ ಚೆಕ್ ವಿದ್ವಾಂಸರು ನಮ್ಮ ಬೆಟ್ಟಗಳ ಮಾತಿಗೂ ಕಿವಿಗೊಟ್ಟರೆಂಬುದು ಎಷ್ಟು ಜನಕ್ಕೆ ಗೊತ್ತು? ತಮಿಳಿನಲ್ಲಿ ಪಾರಂಗತರಾಗಿದ್ದ ಇವರು ನೀಲಗಿರಿ ಸುತ್ತಿನ ಇರುಳರ ನುಡಿಯನ್ನು ಕುರಿತು ಗ್ರಂಥಗಳನ್ನು ಬರೆದರು. ಬೆಟ್ಟಕುರುಬರ ಮತ್ತು ಜೇನುಕುರುಬರ ಮಾತುಗಳನ್ನು ಕುರಿತು ಲೇಖನಗಳನ್ನು ಬರೆದರು. 1990ರಲ್ಲಿ ಸೋಲಿಗರ ನುಡಿಯ ವಿವರಣೆಯೊಂದನ್ನು ಪ್ರಕಟಿಸಿದರು. 2003ರಲ್ಲಿ ಗೇಲ್ ಕೊಯೆಲ್ಹೊ ಎಂಬ ವಿದ್ಯಾರ್ಥಿನಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಬೆಟ್ಟಕುರುಬರ ನುಡಿಯ ವ್ಯಾಕರಣವನ್ನೇ ಪ್ರೌಢಪ್ರಬಂಧವಾಗಿ ಒಪ್ಪಿಸಿದರು. ಆಂಗ್ ಸಿ ಎಂಬುವರು ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕ ವಿದ್ಯಾರ್ಥಿಯಾಗಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು, ಸೋಲಿಗರ ಮಾತಿನಲ್ಲಿ ಅಡಗಿರುವ ಕಾಡಿನ ಅರಿವನ್ನು ಸಂಗ್ರಹಿಸಿದರು; ಅವರ ಗ್ರಂಥವು 2016ರಲ್ಲಿ ಪ್ರಕಟವಾಯಿತು.

ಸೋಲಿಗರ ನುಡಿಯು ಕನ್ನಡಕ್ಕೆ ಬಹು ಹತ್ತಿರದ್ದು. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ ಎಂದು ಅವರು ಜೇನುಗಳನ್ನು ವಿಂಗಡಿಸುವುದು ಬರಿಯ ಹೆಸರಿನ ವಿಂಗಡಣೆಯಲ್ಲ. ಯಾವುದು ಎಲ್ಲಿ ಗೂಡು ಕಟ್ಟುವುದು, ಯಾವ ಹೂವಿಗೆ ಬರುವುದು ಎಂಬ ಅರಿವೂ ಆ ಹೆಸರುಗಳೊಡನೆ ಮಕ್ಕಳಿಗೆ ಇಳಿದುಬರುತ್ತದೆ. 'ತರಗುಬೆಂಕಿ' ಎಂಬುದು ಇನ್ನೊಂದು ಮಾತು: ಬೇಸಗೆ ಬಲಿಯುವುದಕ್ಕೆ ಮುಂಚೆಯೇ ನೆಲದ ಒಣಗಿದ ತರಗೆಲೆಗೆ ಮಾತ್ರ ಹಿಡಿಸುವ ಸಣ್ಣ ಬೆಂಕಿ. 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ತರುವಾಯ ಈ ಪದ್ಧತಿ ನಿಂತಿತು. ಅಂದಿನಿಂದಲೇ ಲಾಂಟಾನ ಪೊದೆಯು ಕಾಡನ್ನು ಮುಸುಕಿತೆಂದು ಸೋಲಿಗ ಹಿರಿಯರು ಹೇಳುತ್ತ ಬಂದರು. 2012ರಲ್ಲಿ ಸಂಶೋಧಕರು ಅವರ ಈ ಅಭಿಪ್ರಾಯವನ್ನು ಶಾಸ್ತ್ರೀಯ ಪತ್ರಿಕೆಯೊಂದರಲ್ಲಿ ದಾಖಲೆಮಾಡಿದರು. ಬೆಂಕಿ ನಿಂತ ಮೇಲೆ ಆ ಮಾತನ್ನು ಬಳಸುವ ಸಂದರ್ಭವಾದರೂ ಮಕ್ಕಳಿಗೆ ಎಲ್ಲಿಂದ ಬರಬೇಕು? ಪದವು ನಾಲಗೆಯಿಂದ ಜಾರಿದಂದು ಅದು ಹೊತ್ತಿದ್ದ ತಿಳಿವಳಿಕೆಯೂ ಜಾರುತ್ತದೆ.

ಮಾತು ಕಿವಿಗೆ ಬಿದ್ದಾಗ ಮನಸ್ಸು ಅದನ್ನು ಹೇಗೆ ಗ್ರಹಿಸುತ್ತದೆ ಎಂಬ ವಿಚಾರವೂ ಈಗ ಶಾಸ್ತ್ರಕ್ಕೆ ವಿಷಯವಾಗಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ಯಾರ್ಥಿಗಳು ಕನ್ನಡ ಮಕ್ಕಳ ಮಾತಿನ ಬೆಳವಣಿಗೆಯನ್ನೂ ಮಾತು ಕುಂದಿದವರ ಸ್ಥಿತಿಯನ್ನೂ ಕುರಿತು ಪ್ರಬಂಧಗಳನ್ನು ಬರೆಯುತ್ತ ಬಂದಿದ್ದಾರೆ. 2003ರಲ್ಲಿ ಜೆಫ್ರಿ ಲಿಡ್ಜ್ ಮತ್ತು ಅವರ ಸಹೋದ್ಯೋಗಿಗಳು ಮೂರು ವರ್ಷದ ಕನ್ನಡದ ಮಕ್ಕಳನ್ನು ಪರೀಕ್ಷಿಸಿ ನೋಡಿದರು. 'ಏರು', 'ಏರಿಸು' ಎಂಬಲ್ಲಿ ಅರ್ಥವನ್ನು ಭೇದಿಸುವುದು 'ಇಸು' ಪ್ರತ್ಯಯವೆಂದು ದೊಡ್ಡವರು ಅರಿಯುತ್ತಾರೆ. ಮಕ್ಕಳಾದರೋ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆಯೆಂಬುದನ್ನೇ ಹೆಚ್ಚಾಗಿ ಆಧರಿಸುತ್ತಾರೆಂದು ಕಂಡುಬಂದಿತು. 2007ರಲ್ಲಿ ಸೊನಾಲಿ ನಾಗ್ ಅವರು ಕನ್ನಡದ ಅಕ್ಷರಗಳನ್ನು ಪೂರ್ಣವಾಗಿ ಕೈವಶಮಾಡಿಕೊಳ್ಳಲು ಮಕ್ಕಳಿಗೆ ನಾಲ್ಕನೆಯ ತರಗತಿಯಿಂದಾಚೆಗೂ ಕಾಲ ಹಿಡಿಯುತ್ತದೆಂದು ತೋರಿಸಿದರು. ಕಾಗುಣಿತ, ಒತ್ತಕ್ಷರಗಳ ಹೊರೆಯೇ ಇಷ್ಟಿರುವಾಗ, ಕಿವಿಗೆ ಕೇಳದ ಹಕಾರವನ್ನೂ ಬರೆಯಬೇಕಾದ ನಮ್ಮ ಹಳ್ಳಿಯ ಮಗುವಿನ ಶ್ರಮ ಎಷ್ಟೆಂಬುದನ್ನು ಉಪಾಧ್ಯಾಯರು ಊಹಿಸಬಹುದು. ಅದು ತಪ್ಪುಮಾಡುವುದು ದಡ್ಡತನದಿಂದಲ್ಲ. ಕೇಳಿದ್ದನ್ನು ಕೇಳಿದಂತೆ ಬರೆಯುವ ಪ್ರಾಮಾಣಿಕತೆಯಿಂದ.

ಈ ಒರಟು ಮಾತಿನಲ್ಲಿ ಸಾಹಿತ್ಯವು ಹುಟ್ಟದೆಂದು ಹೇಳುವವರಿಗೆ ಉತ್ತರ ಬಹಳ ಕಾಲದಿಂದಲೂ ಇದೆ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯವರೂ, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ರಾತ್ರಿಯೆಲ್ಲ ಹಾಡುವುದು ಈ ಮಾತಿನಲ್ಲಿಯೇ. ನಂಜನಗೂಡಿನ ಸೀಮೆಯ ನುಡಿಯಲ್ಲಿ ದೇವನೂರ ಮಹಾದೇವರು ಬರೆದ ಕುಸುಮಬಾಲೆಯು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆಗೆ ಪಾತ್ರವಾಯಿತು.

ಹಾಗೆಂದು ಗ್ರಂಥಭಾಷೆಯನ್ನು ಬಿಟ್ಟುಬಿಡಬೇಕೆಂದು ಯಾರೂ ಭಾವಿಸಬಾರದು. 'ಹಾಲು' ಎಂದು ಬರೆಯಲು ಕಲಿಸೋಣ. 'ಆಲು' ಎಂಬುದನ್ನು ಹಳಿಯದೆ ಕಲಿಸೋಣ. ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹಾಗೆ ಎಂದು ಎರಡನ್ನೂ ಜೊತೆಗಿಟ್ಟು ತೋರಿಸಿದರೆ ಮಗುವಿಗೆ ಗೊಂದಲವೂ ಇಲ್ಲ, ಅವಮಾನವೂ ಇಲ್ಲ. ಪ್ರಾಗ್, ಕ್ಯಾನ್‌ಬೆರಾಗಳಿಂದ ಬಂದವರು ನಮ್ಮ ಬೆಟ್ಟದ ಮಾತನ್ನು ಬರೆದುಕೊಂಡು ಹೋದುದು ಅವರ ದೊಡ್ಡತನ. 1997ರಿಂದ ಪ್ರತ್ಯೇಕ ಜಿಲ್ಲೆಯಾಗಿರುವ ನಮ್ಮಲ್ಲಿ ಈಗ ಪ್ರೌಢಶಾಲೆಗಳಿಗೂ ಕಾಲೇಜುಗಳಿಗೂ ಕೊರತೆಯಿಲ್ಲ. ನಮ್ಮ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ತಮ್ಮ ಅಜ್ಜಿಯ ಬಳಿ ಕುಳಿತು, ಹೊಲದ, ಅಡಿಗೆಮನೆಯ, ದನಕರುಗಳ, ಗಿಡಮರಗಳ ಮಾತುಗಳನ್ನು ಆಕೆ ಆಡಿದಂತೆಯೇ ಬರೆದಿಟ್ಟುಕೊಂಡರೆ ಸಾಕು. ಗ್ರಿಯರ್‌ಸನ್ ಸಾಹೇಬರ ಕಾಲದಲ್ಲಿ ತಪ್ಪಿಹೋದ ಲೆಕ್ಕಕ್ಕೆ ಪುನಃ ಮೊದಲಾಗುತ್ತದೆ. ಕಲ್ಲಿನ ಮೇಲಿನ ಮಾತು ಇನ್ನೂ ನೂರು ವರ್ಷ ಕಾಯಬಲ್ಲದು. ಅಜ್ಜಿಯ ಬಾಯಿಯ ಮಾತು ಅಷ್ಟು ಕಾಲ ಕಾಯಲಾರದು.